ತಂತಿಯ ಹಂಗಿಲ್ಲ, ಕೊಳಾಯಿಯ ಹಂಗಿಲ್ಲ

ಬೆಳಗ್ಗೆ ಸರಿಯಾಗಿ ಆರು ಗಂಟೆಗೆ ಗುಮಾಸ್ತ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕುಕ್ಕರುಗಾಲಲ್ಲಿ ಕೂತು ನೀರಿನ ವಾಲ್ವ್ ತಿರುಗಿಸಿದ. ಆರು ಗಂಟೆ ಮೂರು ನಿಮಿಷಕ್ಕೆ ಮೇಲಿನ ಮನೆಯ ಟೈಲರ್ ಮುಖದ ತುಂಬ ಸೋಪು ಹಚ್ಚಿಕೊಂಡು, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ದಾರಿ ಹುಡುಕುತ್ತ ಇಳಿದು ಬಂದ. ಆ ವಾಲ್ವ್ ಇಬ್ಬರಿಗೂ ಸೇರಿದ್ದಾಗಿತ್ತು. ಮೂರು ಮಹಡಿಯ ಆ ಹಳೇ ಕಟ್ಟಡದಲ್ಲಿ ಒಬ್ಬರಿಗೇ ಸೇರಿದ್ದು ಅಂತ ಯಾವುದೂ ಇರಲಿಲ್ಲ.

"ಯಾರ್ರೀ ಅದು, ನೀರು ನಿಲ್ಲಿಸಿದ್ದು?"

"ನಾನೇ."

"ನೀವಾ? ಎಲ್ಲಾದ್ರೂ ಸೋರ್ತಿದೆಯಾ?"

"ಇಲ್ಲ. ಆಫೀಸಿನ ಕೆಲಸ."

"ನಿಮ್ಮ ಆಫೀಸಿನ ಕೆಲಸಕ್ಕೆ ನನ್ನ ಕಣ್ಣು ಯಾಕ್ರೀ ಉರೀಬೇಕು?"

ಗುಮಾಸ್ತ ವಿವರಿಸಲೇಬೇಕಾಯಿತು. ಅವನದು ಭೂಬಳಕೆ ಇಲಾಖೆ. ಹೋದ ತಿಂಗಳು ಮೇಲಿನಿಂದ ಒಂದು ಸುತ್ತೋಲೆ ಬಂದಿತ್ತು. ಕರೆಂಟಿನ ತಂತಿಯ ಹಂಗಿಲ್ಲದೆ, ನೀರಿನ ಕೊಳಾಯಿಯ ಹಂಗಿಲ್ಲದೆ, ತಿನ್ನುವುದನ್ನು ತಾವೇ ಬೆಳೆದುಕೊಂಡು ಬದುಕುವ ಆಸೆ ಈಚೆಗೆ ಜನರಲ್ಲಿ ಹೆಚ್ಚುತ್ತಿದೆ. ಅಂಥ ಬದುಕಿಗೆ ಯಾವ ಜಿಲ್ಲೆ ಯೋಗ್ಯ, ಯಾವುದು ಅಲ್ಲ ಎಂದು ಸರಕಾರಕ್ಕೆ ತಿಳಿಯಬೇಕಾಗಿದೆ. ಆದ್ದರಿಂದ ಪ್ರತಿ ಜಿಲ್ಲೆಯ ಗುಮಾಸ್ತನೂ ಒಂದು ದಿನ, ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ, ತಾನಿರುವ ಮನೆಯಲ್ಲಿ ಹಾಗೆ ಬದುಕಿ ನಾಲ್ಕು ಪುಟದ ನಮೂನೆ ತುಂಬಬೇಕು. ಸಂಜೆ ಮೇಲಧಿಕಾರಿ ಬಂದು ಪರಿಶೀಲಿಸಿ ಸಹಿ ಹಾಕುತ್ತಾರೆ. ನಗರ ಜಿಲ್ಲೆಯ ಪಾಲಿಗೆ ಇವತ್ತು ಆ ದಿನ.

"ಈ ಕಟ್ಟಡದಲ್ಲಾ?" ಎಂದ ಟೈಲರ್. "ಇಲ್ಲಿ ಮೊಳ ಜಾಗ ಬೇಕಾದ್ರೂ ನಾಲ್ಕು ಜನರನ್ನ ಕೇಳ್ಬೇಕು. ಆಗೋ ಹೋಗೋ ಮಾತೇನ್ರೀ ಇದು? ಆಗದೇ ಹೋದ್ರೆ ನಿಮಗೇನು ಮಾಡ್ತಾರೆ?"

"ಆಗದೇ ಹೋದ್ರೆ..." ಗುಮಾಸ್ತ ತಡೆದು ಹೇಳಿದ, "ನನಗೆ ವರ್ಗ ಆಗುತ್ತೆ. ಬೆಟ್ಟದ ಜಿಲ್ಲೆಗೆ."

ಹೇಳುವಾಗ ಅವನ ಗಂಟಲು ಕಟ್ಟಿತು. ಅದು ಸಂತೋಷಕ್ಕೆ ಕಟ್ಟಿದ್ದು. ಆದರೆ ಬೆಳಗಿನ ಆರು ಗಂಟೆಯಲ್ಲಿ, ಹಲ್ಲುಜ್ಜದ ಮುಖದ ಮೇಲೆ, ಅದುಮಿಟ್ಟ ಸಂತೋಷಕ್ಕೂ ದುಃಖಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಟೈಲರನ ತೆರೆದ ಕಣ್ಣಿನಲ್ಲಿ ನೀರಾಡಿತು. ಸೋಪಿನದೂ ಇರಬಹುದು.

"ಅಯ್ಯೋ, ವರ್ಗಾನಾ!" ಎನ್ನುತ್ತ ಅವನು ಮೆಟ್ಟಿಲೇರಿ ಓಡಿದ.

ಗುಮಾಸ್ತನ ಹೊಟ್ಟೆಯೊಳಗಿದ್ದ ಮಾತು ಬೇರೆಯೇ ಇತ್ತು. ಬೆಟ್ಟದ ಜಿಲ್ಲೆಯಲ್ಲಿ ಇಲಾಖೆಗೆ ಸೇರಿದ ಒಂದು ಪುಟ್ಟ ಕ್ವಾರ್ಟರ್ಸ್ ಇತ್ತು. ಅರ್ಧ ಎಕರೆ ಹಿತ್ತಿಲು, ಒಂದು ಬಾವಿ, ಸುತ್ತ ಎರಡು ಮೈಲಿ ಬೇರೆ ಮನೆಯಿಲ್ಲ. ಸುತ್ತೋಲೆಯ ಪ್ರಕಾರ ಪಾಸಾದ ಜಿಲ್ಲೆಯಲ್ಲಿ ತರಬೇತಿ ಕೇಂದ್ರ ತೆರೆಯುತ್ತಾರೆ. ನಗರ ಪಾಸಾದರೆ ಕೇಂದ್ರ ನಗರಕ್ಕೆ. ನಗರ ಫೇಲಾದರೆ ಬೆಟ್ಟಕ್ಕೆ. ಬೆಟ್ಟದ ಕೇಂದ್ರಕ್ಕೆ ಗುಮಾಸ್ತನ ಅರ್ಜಿ ಈಗಾಗಲೇ ಮಂಜೂರಾಗಿತ್ತು. ಹನ್ನೊಂದು ವರ್ಷದಲ್ಲಿ ನಾಲ್ಕು ಸಲ ಅರ್ಜಿ ಹಾಕಿ ಸೋತವನಿಗೆ ಇದು ಐದನೆಯದು. ಇನ್ನು ನಗರ ಜಿಲ್ಲೆ ಫೇಲಾಗುವುದೊಂದೇ ಬಾಕಿ. ನಮೂನೆಯ ಷರಾ ಕಾಲಮ್ಮಿನಲ್ಲಿ ಜೀವಮಾನದಲ್ಲಿ ಸುಳ್ಳು ಬರೆದವನಲ್ಲ ಅವನು. ಈಗಲೂ ಬರೆಯಬೇಕಾಗಿರಲಿಲ್ಲ. ಎರಡು ಕೋಣೆಯ ಮನೆ, ಕರೆಂಟಿನ ಒಲೆ, ತಾರಸಿಯಲ್ಲಿ ಮೂರು ಕುಂಡ. ಒಂದರಲ್ಲಿ ಸತ್ತ ಪುದೀನ, ಇನ್ನೊಂದರಲ್ಲಿ ಬೀಡಿ ತುಂಡು, ಮೂರನೆಯದರಲ್ಲಿದ್ದ ಕಡ್ಡಿ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಕಾದಿದ್ದರೆ ಸಾಕು, ಮಧ್ಯಾಹ್ನದೊಳಗೆ ಸತ್ಯವೇ ಅವನ ಕೆಲಸ ಮಾಡಿಕೊಡುತ್ತಿತ್ತು.

ಅವನಿಗೆ ಬೇಕಾಗಿದ್ದು ಬೆಟ್ಟವಲ್ಲ, ಹಿತ್ತಿಲೂ ಅಲ್ಲ. ಎರಡು ಮೈಲಿ. ಈ ಕಟ್ಟಡದಲ್ಲಿ ಅವನು ಸೀನಿದರೆ ಮೂರು ಮನೆಯಿಂದ ಔಷಧಿಯ ಸಲಹೆ ಬರುತ್ತಿತ್ತು. ಹೊಸ ಚಪ್ಪಲಿ ಹಾಕಿಕೊಂಡು ಬಂದರೆ ಎರಡನೇ ಮೆಟ್ಟಿಲು ಹತ್ತುವುದರೊಳಗೆ ಅದು ಯಾವ ಅಂಗಡಿಯದು ಎಂದು ಎದುರು ಮನೆಯ ನರ್ಸಮ್ಮ ಕೇಳಿ ಆಗಿರುತ್ತಿತ್ತು. ಅವನ ಪೇಪರನ್ನು ಕೆಳಗಿನ ಮನೆಯ ನಿವೃತ್ತ ಲೈನ್‌ಮನ್ ಮೊದಲು ಓದಿ, ಅವನು ಹಲ್ಲುಜ್ಜುವಾಗ ಕಿಟಕಿಯಿಂದ ಸುದ್ದಿ ಕೂಗಿ ಹೇಳುತ್ತಿದ್ದ. ಅವರೆಲ್ಲ ಕೆಟ್ಟವರೆಂದಲ್ಲ. ಕೆಟ್ಟವರಾಗಿದ್ದರೆ ಜಗಳವಾಡಿ ಪಾರಾಗಬಹುದಿತ್ತು.

"ಅಲ್ಲಿಗೆ ಹೋದ್ರೆ ಮೂರನೇ ದಿನ ನೀವು ಬಾವಿ ಜೊತೆ ಮಾತಾಡ್ತೀರಿ," ಎಂದಿದ್ದಳು ಹೆಂಡತಿ.

"ಆಡ್ತೀನಿ. ಬಾವಿ ತಿರುಗಿ ಪ್ರಶ್ನೆ ಕೇಳಲ್ಲ."

ಆರೂಕಾಲಿಗೆ ಲೈನ್‌ಮನ್ ಸ್ಪ್ಯಾನರ್ ಹಿಡಿದು ಹಾಜರಾದ. ಸುದ್ದಿ ಮುಟ್ಟಿತ್ತು.

"ಏಳಿ ಸ್ವಾಮಿ ಮೇಲೆ. ವಾಲ್ವ್ ತಿರುಗಿಸೋದು ಹೀಗಾ? ಕಡತ ಕಟ್ಟಿದ ಹಾಗೆ ಕಟ್ಟಿಬಿಟ್ಟಿದ್ದೀರಿ." ಟೈಲರನ ನೀರು ಬಿಟ್ಟು ಗುಮಾಸ್ತನ ಕೊಳವೆಗೆ ಮಾತ್ರ ಬಿರಡೆ ಹಾಕಿದ. ಗೋಡೆಯ ಮೇಲಿನ ಪೆಟ್ಟಿಗೆ ತೆಗೆದು ಗುಮಾಸ್ತನ ಫ್ಯೂಸನ್ನು ಕಿತ್ತು ಜೇಬಿಗಿಳಿಸಿದ. "ನೀವು ಹೆದರಬೇಡಿ. ಕರೆಂಟನ್ನ ನಾನು ನಲವತ್ತು ವರ್ಷ ಹತ್ತಿರದಿಂದ ನೋಡಿದ್ದೀನಿ. ನಂಬಿಕಸ್ಥ ಅಲ್ಲ ಅದು. ಅದಿಲ್ಲದೆ ಬದುಕೋದು ಹೇಗೆ ಅಂತ ನನಗೆ ಗೊತ್ತು. ನಿಮ್ಮನ್ನ ವರ್ಗ ಆಗಿ ಹೋಗೋಕೆ ನಾವು ಬಿಡ್ತೀವಾ?"

"ಅದು ಹಾಗಲ್ಲ..." ಗುಮಾಸ್ತ ಶುರು ಮಾಡಿದ.

"ಹೇಗೆ?"

ಹೇಗೆ ಎಂದು ಹೇಳುವುದು ಹೇಗೆ? ನಿಮ್ಮೆಲ್ಲರಿಂದ ಎರಡು ಮೈಲಿ ದೂರ ಇರಬೇಕು ಅಂತ ಹನ್ನೊಂದು ವರ್ಷದಿಂದ ಅರ್ಜಿ ಹಾಕ್ತಿದ್ದೀನಿ, ಎಂದು ತನ್ನ ಕೊಳವೆಗೆ ಬೆಳಗಾಗೆದ್ದು ಬಿರಡೆ ಹಾಕಿಕೊಟ್ಟವನ ಮುಖ ನೋಡಿ ಹೇಳಲಾದೀತೆ? ಗುಮಾಸ್ತನನ್ನು ಎತ್ತರ, ಬಣ್ಣ, ವಿದ್ಯೆ ಎಲ್ಲದರಲ್ಲೂ ದೇವರು ಅಷ್ಟಕ್ಕಷ್ಟೇ ಮಾಡಿದ್ದ. ದಾಕ್ಷಿಣ್ಯವನ್ನು ಮಾತ್ರ ಕೊಳಗದಲ್ಲಿ ಅಳೆದು ಹಾಕಿದ್ದ.

"ಏನಿಲ್ಲ," ಎಂದ.

ಏಳು ಗಂಟೆಗೆ ಹೆಂಡತಿ ಚಹಾ ಕೇಳಿದಳು. "ಸರಕಾರಕ್ಕೋಸ್ಕರ ನಾನು ಉಪವಾಸ ಬೇಕಾದ್ರೆ ಇರ್ತೀನಿ. ಚಹಾ ಇಲ್ಲದೆ ಇರಲ್ಲ."

ಗುಮಾಸ್ತ ರಾತ್ರಿಯೇ ತುಂಬಿಟ್ಟಿದ್ದ ಒಂದು ಬಕೆಟ್ ನೀರು, ಮೂರು ಇಟ್ಟಿಗೆ, ಸೌದೆಗೆಂದು ಹಣ್ಣು ತುಂಬುವ ಒಡೆದ ಮರದ ಪೆಟ್ಟಿಗೆ ಹೊತ್ತು ತಾರಸಿಗೆ ಹೋದ. ಪೆಟ್ಟಿಗೆ ಹಸಿಯಾಗಿತ್ತು. ಹತ್ತು ನಿಮಿಷ ಊದಿದ ಮೇಲೆ ಬೆಂಕಿಯ ಬದಲು ಹೊಗೆ ಬಂತು. ದಪ್ಪನೆಯ ಬಿಳೀ ಹೊಗೆ, ಹೋಗಲು ಬೇರೆ ದಾರಿಯೇ ಇಲ್ಲವೆಂಬಂತೆ ಗಾಳಿಗೆ ಕೆಳಗಿಳಿದು ನೇರ ನರ್ಸಮ್ಮನ ಕಿಟಕಿಗೆ ನುಗ್ಗಿತು. ಅವಳು ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬಂದು ಆಗತಾನೆ ದಿಂಬಿಗೆ ತಲೆ ಕೊಟ್ಟಿದ್ದಳು. ಎರಡನೇ ನಿಮಿಷಕ್ಕೆ ತಾರಸಿಯ ಬಾಗಿಲು ಧಡಾರನೆ ತೆರೆಯಿತು. ಬೆಂಕಿ ಬಿದ್ದಲ್ಲಿ ಮೊದಲು ರೋಗಿ, ಆಮೇಲೆ ಬೆಂಕಿ ಎಂದು ಅವಳಿಗೆ ತರಬೇತಿಯಾಗಿತ್ತು. ಗುಮಾಸ್ತನ ಕೊರಳಪಟ್ಟಿ ಹಿಡಿದು ದರದರ ಎಳೆದು ಮೂಲೆಗೆ ಹಾಕಿದಳು. ಆಮೇಲೆ ತಾನೇ ಹೊತ್ತು ತಂದಿದ್ದ ಮರಳಿನ ಬಕೆಟ್ಟನ್ನು ಒಲೆ, ಪಾತ್ರೆ, ಚಹಾ ಎಲ್ಲದರ ಮೇಲೂ ಬೋರಲು ಹಾಕಿದಳು.

"ಉಸಿರಾಡಿ! ಉಸಿರಾಡ್ತಿದ್ದೀರಾ?"

"ಆಡ್ತಿದ್ದೆ. ಚಹಾ ಮಾಡ್ತಿದ್ದೆ, ನರ್ಸಮ್ಮ."

ಅಷ್ಟರಲ್ಲಿ ಟೈಲರ್ ಬಂದು ಅವಳ ಕಿವಿಯಲ್ಲಿ ಏನೋ ಹೇಳಿದ. ನರ್ಸಮ್ಮನ ಕೈ ಬಾಯಿಗೆ ಹೋಯಿತು.

"ವರ್ಗಾನಾ? ನಿಮಗಾ? ನಾನು ಎಂಥ ಪಾಪಿ ನೋಡಿ, ನಿಮ್ಮ ಒಲೆ ಆರಿಸಿದೆ!" ಇಳಿದುಹೋದವಳು ಇದ್ದಿಲ ಒಲೆ, ಅರ್ಧ ಮೂಟೆ ಇದ್ದಿಲು, ಬೀಸಣಿಗೆ ತಂದು ಅವನ ಮುಂದಿಟ್ಟಳು.

"ಬೇಡಮ್ಮ. ನಿಯಮದ ಪ್ರಕಾರ..."

"ನಿಯಮದಲ್ಲಿ ಇದ್ದಿಲು ಬೇಡ ಅಂತ ಇದೆಯಾ?"

ನಮೂನೆಯ ನಾಲ್ಕೂ ಪುಟ ಗುಮಾಸ್ತನಿಗೆ ಬಾಯಿಪಾಠವಾಗಿತ್ತು. ಇಲ್ಲದ್ದನ್ನು ಇದೆ ಎನ್ನುವ ನಾಲಿಗೆ ಅವನದಲ್ಲ. "ಇಲ್ಲ," ಎಂದು ಒಪ್ಪಿಕೊಂಡ.

ಅಲ್ಲಿಗೆ ಕಟ್ಟೆ ಒಡೆಯಿತು. ಲೈನ್‌ಮನ್ ತನ್ನ ಮಳೆನೀರಿನ ಎರಡು ಪೀಪಾಯಿಗಳನ್ನು ಏದುಸಿರು ಬಿಡುತ್ತ ಹತ್ತಿಸಿದ. ಬೆನ್ನಹಿಂದೆಯೇ ಬಿಸಿಲಿನಿಂದ ಕರೆಂಟು ತೆಗೆಯುವ ಒಂದು ಹಳೇ ಹಲಗೆಯನ್ನೂ ಬ್ಯಾಟರಿಯನ್ನೂ ತಂದು, ಒಂದು ಬಲ್ಬು ಹೊತ್ತಿಸಿ, ಹಗಲು ಬೆಳಕಿನಲ್ಲಿ ಅದು ಉರಿಯುತ್ತಿದೆಯೋ ಇಲ್ಲವೋ ಎಂದು ಎಲ್ಲರನ್ನೂ ಸರದಿಯಲ್ಲಿ ಕರೆದು ತೋರಿಸಿದ. ನರ್ಸಮ್ಮ ನಿದ್ದೆಗೆ ಎಳ್ಳುನೀರು ಬಿಟ್ಟು ತನ್ನ ಬಾಲ್ಕನಿಯ ಹುರುಳಿಕಾಯಿ, ಮೆಣಸಿನಕಾಯಿ, ಸೊಪ್ಪಿನ ಕುಂಡಗಳನ್ನು ಒಂದೊಂದಾಗಿ ಸಾಗಿಸಿದಳು. ಟೈಲರ್ ತನ್ನ ನಾಲ್ಕು ಕೋಳಿಗಳನ್ನು ಗೂಡಿನ ಸಮೇತ ಹೊತ್ತು ತಂದ.

"ಇವು ನನ್ನ ಮಕ್ಕಳಿದ್ದ ಹಾಗೆ," ಎಂದ. "ಇವತ್ತೊಂದು ದಿನ ನಿಮ್ಮ ಮಕ್ಕಳು ಅಂದ್ಕೊಳ್ಳಿ."

ಗುಮಾಸ್ತ ಹೆಂಡತಿಯನ್ನು ಒಂದು ಪಕ್ಕಕ್ಕೆ ಕರೆದ. "ಇವರನ್ನ ಹೇಗಾದ್ರೂ ಮಾಡಿ ಕಳಿಸೇ."

"ನೀವೇ ಹೇಳಿ."

"ನನ್ನ ಬಾಯಲ್ಲಿ ಬರ್ತಿಲ್ಲ."

"ಹನ್ನೊಂದು ವರ್ಷದಿಂದ ಬಾರದ್ದು ಇವತ್ತು ಬರುತ್ತಾ? ಕೂತ್ಕೊಳ್ಳಿ, ಚಹಾ ಆಗಿದೆ. ಇದ್ದಿಲಿನ ಚಹಾ ಚೆನ್ನಾಗೇ ಇದೆ."

ನಮೂನೆಯ ಎರಡನೇ ಪುಟದಲ್ಲಿ ಸಾಕುಪ್ರಾಣಿಗಳ ಕಾಲಮ್ಮಿತ್ತು. ಏನೇ ಆಗಲಿ ಕೆಲಸ ಕೆಲಸವೇ ಎಂದು ಗುಮಾಸ್ತ ಕೋಳಿಗಳ ಕೊಕ್ಕು, ಪುಕ್ಕ, ಆರೋಗ್ಯ ನೋಡಿ ಬರೆದುಕೊಳ್ಳಲು ಗೂಡಿನ ಬಾಗಿಲು ತೆರೆದ. ಮೂರು ಕೋಳಿ ಅವನನ್ನು ಸರಕಾರಿ ನೌಕರನೆಂದು ಗೌರವಿಸಿ ಸುಮ್ಮನೆ ಕೂತವು. ನಾಲ್ಕನೆಯದು, ಕೆಂಪಗಿನದು, ಅವನ ಭುಜ ಮೆಟ್ಟಿ, ತಲೆ ಮೆಟ್ಟಿ, ಮೆಟ್ಟಿಲಿಗೆ ಹಾರಿತು.

"ಹಿಡೀರಿ! ನನ್ನ ಹಿರೀ ಮಗಳು!" ಟೈಲರ್ ಕಿರುಚಿದ.

ಕೋಳಿ ಮುಂದೆ, ಗುಮಾಸ್ತ ಹಿಂದೆ, ಅವನ ಹಿಂದೆ ಟೈಲರ್, ಟೈಲರನ ಹಿಂದೆ "ಓಡಿಸಬೇಡಿ, ಎದೆಯೊಡೆದು ಸಾಯುತ್ತೆ!" ಎಂದು ಕೂಗುತ್ತ ನರ್ಸಮ್ಮ. ಮೂರು ಮಹಡಿ ಇಳಿದು, ಬೀದಿ ದಾಟಿ, ಎದುರಿನ ಕ್ಷೌರದಂಗಡಿಯೊಳಗೆ ಹೊಕ್ಕು, ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕೂತವನ ತೊಡೆಯ ಮೇಲೆ ಅರೆಗಳಿಗೆ ವಿಶ್ರಮಿಸಿ, ಕೋಳಿ ತಿರುಗಿ ಹೊರಬಂತು. ಗುಮಾಸ್ತ ಹೊಸ್ತಿಲಲ್ಲಿ ಎಡವಿ, ಕತ್ತರಿಸಿದ ಕೂದಲಿನ ರಾಶಿಯ ಮೇಲೆ ಬಿದ್ದು, ಎದ್ದಾಗ ಕರಡಿಯ ದಾಯಾದಿಯಂತಿದ್ದ. ಕೊನೆಗೆ ಕೋಳಿಗೇ ಬೇಸರ ಬಂದು ತಾನಾಗಿ ಮೆಟ್ಟಿಲು ಹತ್ತಿ ತಾರಸಿಗೆ ಮರಳಿತು. ಅಲ್ಲಿ ಗುಮಾಸ್ತನ ಕಡತ ಬಿಡಿಸಿ ಹಾಕಿತ್ತು. ಅದರ ಮೇಲೆ ಗಂಭೀರವಾಗಿ ಕೂತು ಮೊಟ್ಟೆ ಇಟ್ಟಿತು.

"ನೋಡಿದ್ರಾ!" ಟೈಲರ್ ಕೈಮುಗಿದ. "ನನ್ನ ಮನೇಲಿ ಎಂಟು ದಿನದಿಂದ ಇಟ್ಟಿರಲಿಲ್ಲ. ನಿಮ್ಮ ಕಷ್ಟ ಅದಕ್ಕೂ ಗೊತ್ತಾಗಿದೆ."

ಗುಮಾಸ್ತನ ಮೊಣಕಾಲು ತರಚಿತ್ತು. ನರ್ಸಮ್ಮ ಅದಕ್ಕೆ ಯುದ್ಧದಿಂದ ಮರಳಿದ ಸಿಪಾಯಿಗೆ ಕಟ್ಟುವಷ್ಟು ದೊಡ್ಡ ಪಟ್ಟಿ ಕಟ್ಟಿದಳು. ಈಗ ಅವನು ಓಡಿಹೋಗುವುದೂ ಸಾಧ್ಯವಿರಲಿಲ್ಲ.

ಮಧ್ಯಾಹ್ನದ ಊಟ ತಾರಸಿಯಲ್ಲೇ ಆಯಿತು. ಹುರುಳಿಕಾಯಿ, ಮೊಟ್ಟೆ, ಲೈನ್‌ಮನ್ ಒಣಗಿಸಿಟ್ಟಿದ್ದ ಮೀನು. ಹೊಟ್ಟೆ ತುಂಬಿತು ಎಂಬ ಸತ್ಯವನ್ನು ಗುಮಾಸ್ತ ಮೂರನೇ ಪುಟದಲ್ಲಿ ಭಾರವಾದ ಮನಸ್ಸಿನಿಂದ ದಾಖಲಿಸಿದ. ಒಂದೊಂದು ಸಾಲು ಬರೆದಾಗಲೂ ಬೆಟ್ಟದ ಬಾವಿ ಒಂದೊಂದು ಗೇಣು ದೂರ ಸರಿಯಿತು. ಊಟದ ನಂತರ ನೆರೆಯವರು ಮೂವರೂ ಅವನ ಸುತ್ತ ಕೂತು, ಅವನ ವರ್ಗವಾದರೆ ತಮಗೇನಾದೀತು ಎಂದು ಮಾತಾಡಿದರು. ಲೈನ್‌ಮನ್ನನ ಪಿಂಚಣಿ ಕಾಗದ ಬರೆದುಕೊಟ್ಟವನು ಅವನೇ. ನರ್ಸಮ್ಮನ ಮಗಳ ಶಾಲೆಯ ಅರ್ಜಿ ತುಂಬಿದವನು ಅವನೇ. ಟೈಲರನ ಅಂಗಡಿಯ ಬೋರ್ಡಿನ ಒಕ್ಕಣೆ ಅವನದೇ.

"ಇವರು ಕಮ್ಮಿ ಮಾತಿನವರು," ಎಂದ ಲೈನ್‌ಮನ್, ಗುಮಾಸ್ತ ಅಲ್ಲಿ ಇಲ್ಲವೇನೋ ಎಂಬಂತೆ. "ನಾನು ಪೇಪರ್ ಓದಿ ಹೇಳದಿದ್ರೆ ಪ್ರಪಂಚದಲ್ಲಿ ಏನಾಗ್ತಿದೆ ಅಂತ ಇವರಿಗೆ ಗೊತ್ತೇ ಆಗ್ತಿರಲಿಲ್ಲ. ಆ ಬೆಟ್ಟದಲ್ಲಿ ಯಾರು ಹೇಳ್ತಾರೆ?"

"ಅದು ನಂದೇ ಪೇಪರು," ಎಂದ ಗುಮಾಸ್ತ.

"ನೋಡಿ, ಎಷ್ಟು ಪ್ರೀತಿ!" ಎಂದಳು ನರ್ಸಮ್ಮ.

ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗುವಿಗೋ ಆಕಳಿಕೆಗೋ, ಅವನು ಕೇಳಲಿಲ್ಲ. ಅವನಿಗೂ ಎದೆಯಲ್ಲಿ ಏನೋ ಒಂದು ಚುಚ್ಚಿದಂತಾಯಿತು. ಒಣಮೀನಿನ ಮುಳ್ಳು ಎಂದುಕೊಂಡ.

ಐದೂವರೆಗೆ ಅವನು ತಾರಸಿಯ ಹಿಂಬದಿಗೆ ಹೋದಾಗ ಟೈಲರ್ ಮೊಣಕಾಲೂರಿ ಕೂತು ಏನೋ ಹೊಲಿಯುತ್ತಿದ್ದ. ಹತ್ತಿರ ಹೋಗಿ ನೋಡಿದರೆ, ಏನೆಂದು ಯಾರಿಗೂ ಗೊತ್ತಿಲ್ಲದ ಆ ಕಡ್ಡಿಯಲ್ಲಿ ಆರು ಕೆಂಪು ಟೊಮೇಟೊ ತೂಗುತ್ತಿದ್ದವು. ಏಳನೆಯದನ್ನು ಟೈಲರ್ ಹಸಿರು ದಾರದಿಂದ ತೊಟ್ಟಿಗೆ ಬಿಗಿಯುತ್ತಿದ್ದ.

"ಏನ್ರೀ ಇದು?"

"ಸದ್ದು ಮಾಡಬೇಡಿ. ನಿಮ್ಮ ಕುಂಡ ಬರಿದಾಗಿದ್ರೆ ಚೆನ್ನಾಗಿ ಕಾಣಲ್ಲ. ಎರಡೆಳೆ ಹಾಕಿದ್ದೀನಿ. ಗಾಳಿ ಬಂದ್ರೂ ಬೀಳಲ್ಲ."

"ಗುಂಡಿ ಹೊಲಿಗೆ ಚೆನ್ನಾಗಿದೆ," ಎಂದಳು ಹಿಂದೆ ಬಂದ ಹೆಂಡತಿ.

ಗುಮಾಸ್ತನ ಬೆನ್ನು ನೆಟ್ಟಗಾಯಿತು. ಇದ್ದಿಲು ಸರಿ, ಪೀಪಾಯಿ ಸರಿ. ಆದರೆ ಸರಕಾರದ ಕಣ್ಣಿಗೆ ಹೊಲಿದ ಟೊಮೇಟೊ? ಇದಕ್ಕೆ ಅವನ ಕೈ ಸಹಿ ಹಾಕಲಾರದು. ಹಾಗೆ ಅಂದುಕೊಂಡ ಮರುಕ್ಷಣವೇ ಅವನಿಗೆ ಹೊಳೆಯಿತು: ಅಲ್ಲಯ್ಯಾ, ಉಪಾಯ ಕಾಲಡಿಗೇ ಬಿದ್ದಿದೆ! ಇರುವುದನ್ನು ಇದ್ದ ಹಾಗೆ ಹೇಳಿಬಿಟ್ಟರೆ ಮುಗಿಯಿತು. ನೀರು ಅವನದಲ್ಲ, ಬೆಳಕು ಅವನದಲ್ಲ, ಕೋಳಿ ಅವನದಲ್ಲ, ಸೊಪ್ಪು ಅವನದಲ್ಲ. ಎಲ್ಲ ಹಂಗಿನದು. ಇದು ಯಾವ ಸೀಮೆಯ ಸ್ವಾವಲಂಬನೆ? ನಗರ ಜಿಲ್ಲೆ ನೆಟ್ಟಗೆ ನೆಲ ಕಚ್ಚುತ್ತದೆ. ಪ್ರಾಮಾಣಿಕತೆಯೂ ಲಾಭವೂ ಒಂದೇ ಬಸ್ಸಿನಲ್ಲಿ ಬಂದದ್ದು ಅವನ ನೌಕರಿಯಲ್ಲಿ ಇದೇ ಮೊದಲು.

ಆರಕ್ಕೆ ಐದು ನಿಮಿಷವಿರುವಾಗ ಮೇಲಧಿಕಾರಿ ಬಂದರು. ಐವತ್ತು ದಾಟಿದ ಹೆಂಗಸು, ಬೂಟಿನ ತುಂಬ ಧೂಳು, ಮೆಟ್ಟಿಲುಗಳ ಮೇಲೆ ಹಳೇ ದ್ವೇಷ. ತಾರಸಿಗೆ ಬಂದು ಉಸಿರು ತಿರುಗುವವರೆಗೆ ಸುತ್ತ ನೋಡಿದರು. ನೆರೆಯವರು ಗುಂಪು ಫೋಟೋಗೆ ನಿಂತ ಹಾಗೆ ಸಾಲಾಗಿ ನಿಂತಿದ್ದರು. ನೀರು ತುಳುಕುತ್ತಿತ್ತು. ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಬಲ್ಬು ಉರಿಯುತ್ತಿತ್ತು.

"ಭಲೇ," ಎಂದರು ಮೇಡಂ. "ಇದೆಲ್ಲ ನೀವೇ..."

"ಇಲ್ಲ ಮೇಡಂ." ಗುಮಾಸ್ತ ಕುಂಟುತ್ತ ಒಂದು ಹೆಜ್ಜೆ ಮುಂದೆ ಬಂದ. "ಇದರಲ್ಲಿ ನಂದು ಅಂತ ಒಂದು ಕಡ್ಡಿಯೂ ಇಲ್ಲ. ಇದೆ, ಒಂದು ಕಡ್ಡಿ ಇದೆ. ಅದಕ್ಕೂ ಟೊಮೇಟೊ ಹೊಲಿದಿದ್ದಾರೆ, ನೋಡಿ." ಟೈಲರನ ಕತ್ತರಿಯಿಂದ ಒಂದು ದಾರ ಕತ್ತರಿಸಿದ. ಟೊಮೇಟೊ ತೊಪ್ಪೆಂದು ಬಿತ್ತು. ಟೈಲರ್ ಕಣ್ಣು ಮುಚ್ಚಿಕೊಂಡ. "ನೀರು ಕೆಳಗಿನ ಮನೆಯವರದು. ದೀಪವೂ ಅವರದೇ. ಒಲೆ, ತರಕಾರಿ ಎದುರು ಮನೆಯವರದು. ಕೋಳಿ ಮೇಲಿನ ಮನೆಯವರದು. ನಾನೊಬ್ಬನೇ ಆಗಿದ್ರೆ ಏಳು ಗಂಟೆಗೇ ಸೋತುಹೋಗಿರ್ತಿದ್ದೆ. ನಾನು ಮಾಡಿದ್ದು ಅಂದ್ರೆ ಹೊಗೆ ಒಂದೇ."

ತಾರಸಿಯಲ್ಲಿ ಸೂಜಿ ಬಿದ್ದರೂ ಕೇಳುತ್ತಿತ್ತು. ನಿಜಕ್ಕೂ ಬಿತ್ತು, ಟೈಲರನ ಕೈಯಿಂದ.

"ಸ್ವಾಮೀ," ಲೈನ್‌ಮನ್ ಹಲ್ಲು ಕಚ್ಚಿ ಪಿಸುಗುಟ್ಟಿದ, "ಬಾಯಿ ಮುಚ್ಚಿ. ನಿಮ್ಮ ಕಾಲಿಗೆ ಬೀಳ್ತೀನಿ."

ಮೇಡಂ ಎಲ್ಲವನ್ನೂ ಬರೆದುಕೊಂಡರು. ಲೈನ್‌ಮನ್ನನ ಮನೆಗೆ ಎಷ್ಟು ಹೆಜ್ಜೆ, ನರ್ಸಮ್ಮನ ಬಾಲ್ಕನಿಗೆ ಎಷ್ಟು ಹೆಜ್ಜೆ ಎಂದು ಕೇಳಿದರು. ಪೀಪಾಯಿ ತುಂಬಲು ಎಷ್ಟು ಮಳೆ ಬೇಕು ಎಂದು ಕೇಳಿದರು. ಗೂಡಿನಲ್ಲಿದ್ದ ಒಂದು ಮೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದರು.

"ಸತ್ಯ ಹೇಳಿದ್ರಿ, ಸಂತೋಷ. ಹೇಳದಿದ್ರೆ ಫೇಲ್ ಮಾಡ್ತಿದ್ದೆ."

"ಮೇಡಂ?"

"ಒಬ್ಬ ಗುಮಾಸ್ತ ಮೂರು ಕುಂಡ ಇಟ್ಕೊಂಡು ಇಷ್ಟೆಲ್ಲ ಮಾಡಿದ ಅಂದ್ರೆ ಯಾರು ನಂಬ್ತಾರೆ? ಮೋಸ ಅಂತ ಬರೀತಿದ್ದೆ. ಈಗ ಲೆಕ್ಕ ಸರಿಹೋಯ್ತು." ಅವರು ನಮೂನೆಯ ಮೊದಲ ಪುಟ ತಿರುವಿ ಅವನ ಮೂಗಿನ ಮುಂದೆ ಹಿಡಿದರು. "ಓದಿ. ಏನು ಕೇಳಿದ್ದಾರೆ?"

"ತಂತಿ ಮತ್ತು ಕೊಳಾಯಿಯ ನೆರವಿಲ್ಲದೆ ಬದುಕಲು ಈ ಜಿಲ್ಲೆ ಯೋಗ್ಯವೇ?"

"ಜಿಲ್ಲೆ ಯೋಗ್ಯವೇ ಅಂತ ಕೇಳಿದ್ದಾರೆ. ಗುಮಾಸ್ತ ಯೋಗ್ಯನೇ ಅಂತಲ್ಲ. ನೀವು ಬೆಳಗಿಂದ ನಿಮ್ಮನ್ನೇ ಪರೀಕ್ಷೆ ಮಾಡ್ಕೊಂಡು ಕೂತಿದ್ದೀರಿ. ತಂತಿ ಇಲ್ಲ, ಕೊಳಾಯಿ ಇಲ್ಲ. ನೂರು ಹೆಜ್ಜೆಯೊಳಗೆ ನೀರು, ಬೆಂಕಿ, ಊಟ, ದೀಪ, ಗಾಯಕ್ಕೆ ಪಟ್ಟಿ ಎಲ್ಲ ಇದೆ. ನೆರೆಯವರ ನೆರವು ಬೇಡ ಅಂತ ಇದರಲ್ಲಿ ಎಲ್ಲಿ ಬರೆದಿದೆ?"

ಎಲ್ಲಿಯೂ ಬರೆದಿರಲಿಲ್ಲ. ಅವನಿಗೆ ಬಾಯಿಪಾಠವಾಗಿತ್ತಲ್ಲ.

ಮೇಡಂ "ಅತ್ಯಂತ ಯೋಗ್ಯ" ಎಂದು ಬರೆದು, ಗೀಟು ಎಳೆದು, ಸಹಿ ಹಾಕಿದರು. ತಾರಸಿ ಹೋ ಎಂದಿತು. ಟೈಲರ್ ಲೈನ್‌ಮನ್ನನನ್ನು ತಬ್ಬಿಕೊಂಡ. ನರ್ಸಮ್ಮ ಬೀಸಣಿಗೆಯಿಂದ ಗುಮಾಸ್ತನಿಗೆ ಗಾಳಿ ಹಾಕಿದಳು, ಏಕೆಂದರೆ ಅವನಿಗೆ ಅದರ ಅಗತ್ಯವಿತ್ತು.

"ಹಾಗಾದ್ರೆ ವರ್ಗ ಇಲ್ವಾ?" ಎಂದು ಟೈಲರ್ ಕೇಳಿದ.

"ಎಲ್ಲಿಯ ವರ್ಗ? ತರಬೇತಿ ಕೇಂದ್ರ ಇದೇ ತಾರಸಿ ಮೇಲೆ. ಇವರೇ ಉಸ್ತುವಾರಿ. ಐದು ವರ್ಷ ಜಾಗ ಬಿಟ್ಟು ಕದಲೋ ಹಾಗಿಲ್ಲ. ಫ್ಯೂಸೂ ಬಿರಡೆಯೂ ಹಾಗೇ ಇರಲಿ, ಬಂದವರಿಗೆ ತೋರಿಸಬೇಕು."

ಗುಮಾಸ್ತ ಬಿದ್ದ ಟೊಮೇಟೊ ಹೆಕ್ಕಿ ಕುಂಡದಲ್ಲಿಟ್ಟ. "ಮತ್ತೆ... ಆ ಬೆಟ್ಟದ ಜಿಲ್ಲೆ, ಮೇಡಂ?"

"ಅಯ್ಯೋ, ಅದನ್ನ ಕೇಳಬೇಡಿ. ಹೋದ ವಾರ ಹೋಗಿದ್ದೆ. ಬೆಳಗ್ಗೆ ಎಂಟು ಗಂಟೆಗೆ ಹಗ್ಗ ಕಿತ್ತು ಆ ಗುಮಾಸ್ತನ ಬಕೆಟ್ಟು ಬಾವಿಗೆ ಬಿತ್ತಂತೆ. ಇನ್ನೊಂದು ಬಕೆಟ್ ಕೇಳೋಣ ಅಂದ್ರೆ ಎರಡು ಮೈಲಿ ನರಪಿಳ್ಳೆ ಇಲ್ಲ. ಸಂಜೆ ನಾನು ಹೋದಾಗ ಬಾವಿಕಟ್ಟೆ ಮೇಲೆ ಕೂತಿದ್ದ. ನನ್ನ ಡ್ರೈವರನ್ನ ತಬ್ಬಿಕೊಂಡು ಬಿಡಲೇ ಇಲ್ಲ. ಅಯೋಗ್ಯ ಅಂತ ಬರೆದು ಕ್ವಾರ್ಟರ್ಸಿಗೆ ಬೀಗ ಹಾಕಿಸಿ ಬಂದೆ." ಮೇಡಂ ಬ್ಯಾಗು ಹೆಗಲಿಗೇರಿಸಿದರು. "ಆತನನ್ನ ನಿಮ್ಮ ಕೇಂದ್ರಕ್ಕೇ ಸಹಾಯಕನಾಗಿ ಹಾಕಿದ್ದೀನಿ. ಎಲ್ಲಾದ್ರೂ ಹತ್ತಿರದಲ್ಲೇ ಒಂದು ರೂಮ್ ನೋಡಿ."

"ನೋಡೋದೇನು ಬಂತು?" ಎಂದ ಟೈಲರ್. "ನನ್ನ ಹಿಂದಿನ ಕೋಣೆ ಖಾಲಿ ಇದೆ. ಇವರು ಮಲಗೋ ಕೋಣೆಯ ನೆತ್ತಿ ಮೇಲೇ. ಕೂಗಿದ್ರೆ ಕೇಳುತ್ತೆ."

"ಒಳ್ಳೇದಾಯ್ತು," ಎಂದರು ಮೇಡಂ, ಮೆಟ್ಟಿಲನ್ನು ದುರುಗುಟ್ಟಿ ನೋಡುತ್ತ. "ಪಾಪ, ಆತನಿಗೆ ಹನ್ನೆರಡು ವರ್ಷದಿಂದ ಮಾತಾಡೋಕೆ ಒಬ್ಬರೂ ಸಿಕ್ಕಿಲ್ಲವಂತೆ. ಎಲ್ಲಾ ಒಳಗೇ ಇಟ್ಕೊಂಡಿದ್ದಾನೆ."

ಎಲ್ಲರೂ ಗುಮಾಸ್ತನ ಮುಖ ನೋಡಿದರು.

"ಬರಲಿ," ಎಂದ ಗುಮಾಸ್ತ. "ಅದಕ್ಕೇನಂತೆ."